ಸೂಪರ್‌ನೋವಾದ ಬಾಲ ಅಳೆಯುವ ಕೆಲಸ: ಕಲಬುರಗಿ ಟಿಪ್ಪಣಿ

ಸೂಪರ್‌ನೋವಾ ಎಂದರೆ ನಕ್ಷತ್ರದ ಸ್ಫೋಟ; ಅದರ ಬೆಳಕು ಕೊನೆಗೆ ನಿಧಾನವಾಗಿ ಮಂಕಾಗುತ್ತ ಹೋಗುವ ಹಂತವೇ ಬಾಲ. ಆ ಬೆಳಕಿಗೆ ಶಕ್ತಿ ಕೊಡುವುದು ವಿಕಿರಣಶೀಲ ಕ್ಷಯ. ಅದರ ಲೆಕ್ಕದ ಹಾಳೆ ಸಿದ್ಧ. ಸ್ಫೋಟದಲ್ಲಿ ಹುಟ್ಟಿದ ನಿಕ್ಕಲ್-56 ಕೋಬಾಲ್ಟ್-56 ಆಗುತ್ತದೆ (ಅರ್ಧಾಯು, ಅಂದರೆ ಅರ್ಧದಷ್ಟು ಕ್ಷಯಿಸಲು ಬೇಕಾದ ಕಾಲ, 6.1 ದಿನ), ಕೋಬಾಲ್ಟ್ ಕಬ್ಬಿಣ-56 ಆಗುತ್ತದೆ (77.2 ದಿನ). ನೂರು ದಿನ ದಾಟಿದ ಮೇಲೆ ಲೆಕ್ಕಕ್ಕೆ ಕೋಬಾಲ್ಟ್ ಒಂದೇ ಸಾಕು: ಒಂದು ಸೂರ್ಯರಾಶಿ (ಸೂರ್ಯನಷ್ಟು ದ್ರವ್ಯರಾಶಿ) ನಿಕ್ಕಲ್‌ಗೆ 1.45×10³⁶ ವ್ಯಾಟ್‌ನಿಂದ ಶುರುಮಾಡಿ, 111.3 ದಿನದ ಸರಾಸರಿ ಆಯುವಿನಲ್ಲಿ (ಅರ್ಧಾಯುವನ್ನು 0.693ರಿಂದ ಭಾಗಿಸಿದ್ದು) ಇಳಿಸಬೇಕು. 1987ಎ ಸೂಪರ್‌ನೋವಾದ 0.07 ಸೂರ್ಯರಾಶಿ ಹಾಕಿದರೆ 150ನೇ ದಿನ 2.6×10³⁴ ವ್ಯಾಟ್, ಹೆಚ್ಚುಕಡಿಮೆ ಏಳು ಕೋಟಿ ಸೂರ್ಯರ ಬೆಳಕು. 250ನೇ ದಿನ 1.1×10³⁴. ನೂರು ದಿನಕ್ಕೆ ಇಳಿಕೆ 0.98 ಮ್ಯಾಗ್ನಿಟ್ಯೂಡ್ (ಆಕಾಶಕಾಯಗಳ ಹೊಳಪು ಅಳೆಯುವ ಮಾನ).

ಇಲ್ಲೇ ಎಲ್ಲರೂ ಎಡವುವುದು. 111.3ರ ಜಾಗದಲ್ಲಿ ಅರ್ಧಾಯು 77.2 ಹಾಕಿದರೆ ಇಳಿಕೆ 1.41 ಆಗುತ್ತದೆ. ಒಂದು-ಎ ಬಗೆಯ (ಶ್ವೇತಕುಬ್ಜ ನಕ್ಷತ್ರ ಸಿಡಿದು ಆಗುವ) ಸೂಪರ್‌ನೋವಾಗಳ ಬಾಲವೂ ಸುಮಾರು ಅಷ್ಟೇ ಕಡಿದಾಗಿ ಇಳಿಯುತ್ತದೆ. ಅದಕ್ಕೆ ಕಾರಣ ಬೇರೆ, ತೆಳುವಾದ ಅವಶೇಷದಿಂದ ಗಾಮಾ ಕಿರಣ ಸೋರಿಹೋಗುವುದು. ಹಾಗಾಗಿ ತಪ್ಪು ಲೆಕ್ಕ ವೀಕ್ಷಣೆಗೆ ಚೆನ್ನಾಗಿ ಹೊಂದಿ, ಯಾರಿಗೂ ಸಂಶಯವೇ ಬರುವುದಿಲ್ಲ. ಸೋರಿಕೆಗೆ ಪ್ರತ್ಯೇಕ ಕಾಲಮ್ ಇಟ್ಟಿದ್ದೇವೆ. ಕೋಬಾಲ್ಟ್ ಕ್ಷಯದಲ್ಲಿ ಹೊಮ್ಮುವ ಪಾಸಿಟ್ರಾನ್‌ಗಳು (ಧನ ವಿದ್ಯುದಂಶದ ಎಲೆಕ್ಟ್ರಾನ್‌ಗಳು) ಒಯ್ಯುವ ಶಕ್ತಿಯ ಶೇ. 3ರಷ್ಟು ಪಾಲನ್ನು ಅದರಿಂದ ಹೊರಗಿಡಬೇಕು. ಅವು ಬಹುತೇಕ ಒಳಗೇ ಉಳಿದು ಕಾಯಿಸುತ್ತವೆ.

ಕ್ಯಾಮೆರಾದ ಕಡೆ ಇನ್ನೂ ಕೆಲಸವಿದೆ. 1987ಎ ಇದ್ದ ದಿಕ್ಕು ಕಲಬುರಗಿಯಲ್ಲಿ ದಿಗಂತದಿಂದ ಮೂರು ಡಿಗ್ರಿ ಚಿಲ್ಲರೆ ಮಾತ್ರ ಏರುತ್ತದೆ, ಅಳತೆಗೆ ಬರುವುದಿಲ್ಲ. 2011ಎಫ್‌ಇ, 2023ಐಎಕ್ಸ್‌ಎಫ್ ಎಂಬ ಸೂಪರ್‌ನೋವಾಗಳೆರಡೂ ಸಿಡಿದ ಎಂ101 ಗೆಲಾಕ್ಸಿ 53 ಡಿಗ್ರಿಗೆ ಬರುತ್ತದೆ, ಅದೂ ಬೇಸಿಗೆಯಲ್ಲಿ. ಆಗ ನಮ್ಮಲ್ಲಿ ಬಿಸಿಲಷ್ಟೇ ಅಲ್ಲ, ರಾತ್ರಿಯೂ ಬಿಸಿ. ಸೆನ್ಸರ್ ಆರೇಳು ಡಿಗ್ರಿ ಬಿಸಿಯಾದರೆ ಬೆಳಕಿಲ್ಲದಿದ್ದರೂ ಅದರಲ್ಲಿ ಹುಟ್ಟುವ ಕತ್ತಲ ಪ್ರವಾಹ ಇಮ್ಮಡಿ. ಹೆಚ್ಚು ಬಿಸಿಯಿದ್ದ ಸಂಜೆಯ ಡಾರ್ಕ್ ಫ್ರೇಮನ್ನು (ಮುಚ್ಚಳ ಹಾಕಿ ತೆಗೆದ ಚಿತ್ರ) ನಡುರಾತ್ರಿಯ ಚಿತ್ರದಿಂದ ಕಳೆದರೆ ಬಿಸಿ ಪಿಕ್ಸೆಲ್‌ಗಳ ಜಾಗದಲ್ಲಿ ಗುಂಡಿ ಬೀಳುತ್ತದೆ, ಮಸುಕು ನಕ್ಷತ್ರ ಇನ್ನಷ್ಟು ಮಸುಕಾಗಿ ಕಾಣುತ್ತದೆ. ಪ್ರತಿ ಸರಣಿಯ ಹಿಂದೆ ಮುಂದೆ, ಅದೇ ಐಎಸ್‌ಒ (ಕ್ಯಾಮೆರಾದ ಸಂವೇದನೆಯ ಮಟ್ಟ), ಅದೇ ಅವಧಿಯ ಡಾರ್ಕ್ ತೆಗೆಯಬೇಕು.

ಗೆಲಾಕ್ಸಿಯ ಬೆಳಕನ್ನು ಕಳೆಯದಿದ್ದರೆ ಉಲ್ಟಾ: ಬಾಲ ಚಪ್ಪಟೆಯಾಗುತ್ತದೆ, 272 ದಿನ ಅರ್ಧಾಯುವಿನ ಕೋಬಾಲ್ಟ್-57 ಸಿಕ್ಕಿತೆಂಬ ಭ್ರಮೆ ಹುಟ್ಟುತ್ತದೆ. ಅದರ ಪಾಲು ಎದ್ದು ಕಾಣಲು ಸಾವಿರ ದಿನದ ಆಸುಪಾಸಿಗೆ ಹೋಗಬೇಕು. ಆದ್ದರಿಂದ ಮಳೆಗಾಲ ಮುಗಿದು ಧೂಳು ಏಳುವ ಮುನ್ನ, ಹತ್ತಿರದ ಗೆಲಾಕ್ಸಿಗಳ ಖಾಲಿ (ಸೂಪರ್‌ನೋವಾ ಇಲ್ಲದ) ಚಿತ್ರಗಳನ್ನು ಚಿಂಚೋಳಿ ಕಡೆಯ ಕತ್ತಲಲ್ಲಿ ಹಸಿರು ಚಾನೆಲ್‌ಗಾಗಿ ಒಂದೊಂದಾಗಿ ತೆಗೆದಿಡುತ್ತಿದ್ದೇವೆ. ಎಂ81, ಎಂ82 ಮೊದಲು.