ಡಿಸ್ಚಾರ್ಜ್ ಆದ ಮೇಲಿನ ಕಥೆ

ಶರಪಂಜರ ಸಿನಿಮಾ ಅಂದ ಕೂಡಲೇ ಎಲ್ಲರೂ ಹಾಡುಗಳ ಬಗ್ಗೆ ಮಾತಾಡುತ್ತಾರೆ. ಕಲ್ಪನಾ ಅವರ ಸೀರೆಗಳ ಬಗ್ಗೆ, ಕೊನೆಯ ದೃಶ್ಯದ ಬಗ್ಗೆ ಮಾತಾಡುತ್ತಾರೆ. ನನಗೆ ಬೇಕಾದ್ದು ಅದರ ನಡುವಿನ ಭಾಗ. ಹೆರಿಗೆಯಾದ ಮೇಲೆ ನಾಯಕಿ ಕಾವೇರಿಯ ಮನಸ್ಸು ಕೆಡುತ್ತದೆ. ಆಸ್ಪತ್ರೆಗೆ ಸೇರಿಸುತ್ತಾರೆ, ಗುಣವಾಗುತ್ತದೆ, ಮನೆಗೆ ಬರುತ್ತಾಳೆ. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಶುಭಂ ಹಾಕಿ ಕಳಿಸುತ್ತಿದ್ದರು. ನಿರ್ದೇಶಕ ಪುಟ್ಟಣ್ಣ ಕಣಗಾಲ್ ಅಲ್ಲಿಂದ ಮುಂದೆ ಏನಾಯಿತು ಅಂತ ನೋಡುತ್ತಾರೆ. 1971ರಲ್ಲಿ, ಎಲ್ಲರೂ ಟಿಕೆಟ್ ತಗೊಂಡು ನೋಡುವ ಸಿನಿಮಾದಲ್ಲಿ, ಈ ಕೆಲಸ ಮಾಡುವುದಕ್ಕೆ ದೊಡ್ಡ ಧೈರ್ಯ ಬೇಕಿತ್ತು.

ನಾನು ನರ್ಸ್. ಊರು ಮಂಡ್ಯದ ಹತ್ತಿರದ ಹಳ್ಳಿ, ಕೆಲಸ ಮತ್ತು ಮನೆ ಮೈಸೂರಿನಲ್ಲಿ. ನನ್ನ ಕೆಲಸದಲ್ಲಿ ಡಿಸ್ಚಾರ್ಜ್ ಅಂದರೆ ಖುಷಿಯ ದಿನ. ಮಾತ್ರೆ ಯಾವಾಗ ತಗೊಳ್ಳಬೇಕು ಅಂತ ಹೇಳಿ, ಚೀಟಿ ಕೊಟ್ಟು, ಲಿಫ್ಟ್‌ವರೆಗೂ ಹೋಗಿ ಬರುತ್ತೇವೆ. ಅಲ್ಲಿಂದಾಚೆಗಿನ ಕಥೆ ನಮಗೆ ಗೊತ್ತಾಗುವುದು ಅವರು ಮತ್ತೆ ಚೆಕಪ್‌ಗೆ ಬಂದರೆ ಮಾತ್ರ. ಬಾಣಂತಿ ಸನ್ನಿಯಾಗಿ ಚೆನ್ನಾಗಿ ಗುಣವಾಗಿದ್ದ ಒಬ್ಬ ಹೆಣ್ಣುಮಗಳು ಹಾಗೆ ಬಂದಾಗ ಹೇಳಿದ್ದು ಇದು: ‘ಮನೇಲಿ ಈಳಿಗೆಮಣೆ ಎಲ್ಲಿಟ್ಟಿದ್ದಾರೆ ಅಂತ ನನಗೆ ಹೇಳಲ್ಲ ಸಿಸ್ಟರ್.’ ಅಳಲಿಲ್ಲ, ಸಿಟ್ಟು ಮಾಡಿಕೊಳ್ಳಲಿಲ್ಲ. ಸುಮ್ನೆ ಹೇಳಿದಳು. ಆ ಮಾತು ಕೇಳಿದ ಮೇಲೆ ನಾನು ಶರಪಂಜರವನ್ನು ಮತ್ತೆ ನೋಡಿದೆ. ಎರಡನೇ ಅರ್ಧದಲ್ಲಿ ಕಲ್ಪನಾ ಏನು ಮಾಡಿದ್ದಾರೆ ಅನ್ನುವುದು ಆಗ ಸರಿಯಾಗಿ ಕಂಡಿತು. ಕಾವೇರಿಗೆ ಈಗ ಏನೂ ಆಗಿಲ್ಲ, ಆರೋಗ್ಯವಾಗಿದ್ದಾಳೆ. ಆದರೆ ಅವಳು ನಕ್ಕರೂ ಎದುರಿಗಿದ್ದವರು ಅನುಮಾನದಿಂದ ನೋಡುತ್ತಾರೆ, ಸುಮ್ಮನಿದ್ದರೂ ನೋಡುತ್ತಾರೆ. ಗಂಡ ದೂರವಾಗಿದ್ದಾನೆ, ಅವನಿಗೆ ಇನ್ನೊಬ್ಬಳ ಸಹವಾಸ ಆಗಿದೆ. ತಾನು ಸರಿಯಾಗಿದ್ದೇನೆ ಅಂತ ಪ್ರತಿ ನಿಮಿಷ ತೋರಿಸಿಕೊಳ್ಳಬೇಕಾದ ಆ ಸುಸ್ತು ಕಲ್ಪನಾ ಅವರ ಮುಖದಲ್ಲಿದೆ. ಕಾಯಿಲೆಯ ದೃಶ್ಯಗಳಿಗಿಂತ ಅದು ನನ್ನನ್ನು ಜಾಸ್ತಿ ಅಲ್ಲಾಡಿಸಿತು.

ಕೊನೆಯ ದೃಶ್ಯ ಜೋರಾಯಿತು, ಕಿರುಚಾಟ ಆಯಿತು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅಷ್ಟು ಹೊತ್ತು ತಡೆದುಕೊಂಡವಳು ಕಿರುಚದೆ ಇನ್ನೇನು ಮಾಡಬೇಕು? ನನಗೆ ಬೇಡ ಅನ್ನಿಸುವುದು ಅಡುಗೆ ಭಟ್ಟನ ಹಾಸ್ಯ. ಶಿವರಾಂ ಒಳ್ಳೆಯ ನಟ, ಅದರಲ್ಲಿ ಮಾತಿಲ್ಲ. ಆದರೂ ಆ ಹೊತ್ತನ್ನು ಕಾವೇರಿಗೇ ಕೊಡಬಹುದಿತ್ತು.

ಶರಪಂಜರದ ಕಥೆ ಕಾದಂಬರಿಕಾರ್ತಿ ತ್ರಿವೇಣಿಯವರದು. ಅವರು ಬದುಕಿದ್ದು, ಬರೆದದ್ದು ಮೈಸೂರಿನಲ್ಲಿ. ಕವಿ ಬಿ.ಎಂ.ಶ್ರೀ ಅವರ ಕುಟುಂಬದ ಹುಡುಗಿ, ಮನಃಶಾಸ್ತ್ರ ಓದಿದವರು. 1963ರಲ್ಲಿ ತೀರಿಕೊಂಡಾಗ ಅವರಿಗೆ ಬರೀ 34 ವರ್ಷ. ಪುಟ್ಟಣ್ಣ ತ್ರಿವೇಣಿಯವರ ಬೆಳ್ಳಿಮೋಡ ಕಾದಂಬರಿಯನ್ನು ಸಿನಿಮಾ ಮಾಡಿದ್ದು 1967ರಲ್ಲಿ. ಅಂದರೆ ತ್ರಿವೇಣಿ ತಮ್ಮ ಇಂದಿರೆಯನ್ನಾಗಲಿ, ಕಾವೇರಿಯನ್ನಾಗಲಿ ತೆರೆಯ ಮೇಲೆ ನೋಡಲೇ ಇಲ್ಲ. ನನಗೆ ಇದು ಸಂಕಟದ ವಿಷಯ. ಬೆಳ್ಳಿಮೋಡದ ಇಂದಿರೆ ಕೊನೆಯಲ್ಲಿ ಮೋಹನನನ್ನು ಬೇಡ ಅನ್ನುತ್ತಾಳಲ್ಲ, ಆಸ್ತಿ ಸಿಗುವುದಿಲ್ಲ ಅಂತ ಗೊತ್ತಾದಾಗ ಮದುವೆಯಿಂದ ಹಿಂದೆ ಸರಿದವನನ್ನು, ಆಮೇಲೆ ತಾನೇ ಆರೈಕೆ ಮಾಡಿ ಎಬ್ಬಿಸಿ ನಿಲ್ಲಿಸಿದವನನ್ನು, ಆ ‘ಬೇಡ’ ನೋಡುವಾಗ ಈಗಲೂ ನನ್ನ ಬೆನ್ನು ನೆಟ್ಟಗಾಗುತ್ತದೆ. ಆರೈಕೆ ಮಾಡಿದವಳು ಪ್ರೀತಿಸಲೇಬೇಕು ಅಂತ ನಮ್ಮ ಎಷ್ಟೋ ಸಿನಿಮಾಗಳು ನಂಬಿವೆ. ನರ್ಸ್ ಪಾತ್ರಗಳನ್ನು ಬರೆಯುವವರು ದಯವಿಟ್ಟು ಬೆಳ್ಳಿಮೋಡ ನೋಡಿ.

ಪುಟ್ಟಣ್ಣನವರದೇ 1972ರ ನಾಗರಹಾವಿನ ವಿಷಯದಲ್ಲಿ ನನ್ನ ಲೆಕ್ಕವೂ ಇದೇ. ರಾಮಾಚಾರಿಯಾದ ವಿಷ್ಣುವರ್ಧನ್ ಮೈಸೂರಿನವರು, ಜಲೀಲನಾದ ಅಂಬರೀಶ್ ಮಂಡ್ಯ ಜಿಲ್ಲೆಯ ದೊಡ್ಡರಸಿನಕೆರೆಯವರು, ಚಾಮಯ್ಯ ಮೇಷ್ಟ್ರಾದ ಕೆ.ಎಸ್.ಅಶ್ವಥ್ ಮೈಸೂರಿನವರು. ಹಾಗಾಗಿ ನಮ್ಮ ಕಡೆ ಇದು ಮನೆಯ ಸಿನಿಮಾ. 2018ರಲ್ಲಿ ಹೊಸ ಪ್ರಿಂಟ್ ಬಂದಾಗ ಹುಡುಗರು ಜಲೀಲನ ಒಂದೊಂದು ಮಾತಿಗೂ ಶಿಳ್ಳೆ ಹೊಡೆದರು. ನನ್ನ ಕಣ್ಣು ಕಾಯುತ್ತಿದ್ದದ್ದು ಅಲಮೇಲುಗೆ. ಮೇಷ್ಟ್ರ ಮಾತಿಗೆ ಕಟ್ಟುಬಿದ್ದು ರಾಮಾಚಾರಿ ಅವಳನ್ನು ಬಿಟ್ಟುಕೊಡುತ್ತಾನೆ. ಅವಳಿಗೆ ಬೇರೆ ಮದುವೆಯಾಗುತ್ತದೆ. ಸಾಮಾನ್ಯವಾಗಿ ಇಂಥ ಹುಡುಗಿ ಇಲ್ಲಿಗೆ ಕಥೆಯಿಂದ ಹೊರಗೆ ಹೋಗುತ್ತಾಳೆ. ಇಲ್ಲಿ ಹಾಗಾಗುವುದಿಲ್ಲ. ರಾಮಾಚಾರಿಗೆ ಅವಳು ಮತ್ತೆ ಸಿಗುತ್ತಾಳೆ, ಗಂಡನೇ ಮಾರಿದ ಹೆಣ್ಣಾಗಿ. ಮೇಷ್ಟ್ರು ಒಳ್ಳೆಯದಾಗಲಿ ಅಂತಲೇ ಹೇಳಿದ ಮಾತಿನ ಫಲ ಅದು. ಆರತಿ ಆ ದೃಶ್ಯದಲ್ಲಿ ಯಾರನ್ನೂ ದೂರುವ ಹಾಗೆ ಕಾಣುವುದಿಲ್ಲ, ಅದಕ್ಕೇ ನೋಡುವುದು ಕಷ್ಟ. ಇದಕ್ಕೆ ಹೋಲಿಸಿದರೆ ಬೆಟ್ಟದ ತುದಿಯ ಕ್ಲೈಮ್ಯಾಕ್ಸ್ ನನಗೆ ಅವಸರದ್ದು ಅನ್ನಿಸುತ್ತದೆ. ಎಲ್ಲರನ್ನೂ ಒಟ್ಟಿಗೆ ಸಾಯಿಸಿಬಿಟ್ಟರೆ ಮುಂದೆ ಯಾರಿಗೆ ಏನಾಯಿತು ಅಂತ ಕೇಳುವುದಕ್ಕೆ ಯಾರೂ ಉಳಿಯುವುದಿಲ್ಲ, ಅಲ್ವಾ?

ಅದೇ 1972ರ ಬಂಗಾರದ ಮನುಷ್ಯ ಬಗ್ಗೆ ಮಂಡ್ಯದಲ್ಲಿ ಯಾರೂ ಚಿಕ್ಕ ದನಿಯಲ್ಲಿ ಮಾತಾಡುವುದಿಲ್ಲ. ಅದನ್ನು ನೋಡಿ ಪಟ್ಟಣ ಬಿಟ್ಟು ಹೊಲಕ್ಕೆ ವಾಪಸ್ ಬಂದವರ ಕಥೆಗಳು ನಮ್ಮ ಊರಲ್ಲೂ ಇವೆ. ನಾನು ಅದನ್ನು ಮೆಚ್ಚುವುದು ಸ್ವಲ್ಪ ಬೇರೆ ಕಾರಣಕ್ಕೆ. ಆ ಕಥೆ ಶುರುವಾಗುವುದೇ ಮನೆಯ ಯಜಮಾನ ಸತ್ತ ಮೇಲೆ. ಅಕ್ಕ, ಅಕ್ಕನ ಮಕ್ಕಳು, ಸಾಲ, ಪಾಳು ಜಮೀನು. ರಾಜೀವ ಬಂದು ನೊಗಕ್ಕೆ ಹೆಗಲು ಕೊಡುತ್ತಾನೆ. ಕೊನೆಯಲ್ಲಿ ತಾನು ಬೆಳೆಸಿದ ಹುಡುಗನ ಬಾಯಿಂದಲೇ ಊಟದ ಹೊತ್ತಲ್ಲಿ ಚುಚ್ಚುಮಾತು ಕೇಳಿ ಎದ್ದು ಹೋಗುತ್ತಾನೆ. ರಾಜ್‌ಕುಮಾರ್ ಅಲ್ಲಿ ಏನೂ ಮಾಡುವುದಿಲ್ಲ. ಕೈ ನಿಲ್ಲುತ್ತದೆ, ಅಷ್ಟೇ. ನಮ್ಮಪ್ಪ ಈ ಸಿನಿಮಾ ಟಿವಿಯಲ್ಲಿ ಬಂದಾಗಲೆಲ್ಲ ಆ ದೃಶ್ಯಕ್ಕೆ ಸರಿಯಾಗಿ ಎದ್ದು ದನದ ಕೊಟ್ಟಿಗೆ ಕಡೆ ಹೋಗಿಬಿಡುತ್ತಿದ್ದರು.

ಈಗ ತಿಥಿ. ಇದರ ಬಗ್ಗೆ ಬರೆಯುವುದಕ್ಕೇ ಇಷ್ಟು ಹೊತ್ತು ಕಾಯುತ್ತಿದ್ದೆ. ರಾಮ್ ರೆಡ್ಡಿ ನಿರ್ದೇಶನ, ಈರೇಗೌಡರ ಬರವಣಿಗೆ, ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ ಶೂಟಿಂಗ್. ತೆರೆಯ ಮೇಲೆ ಇರುವವರೆಲ್ಲ ಅಲ್ಲಿನ, ಅಕ್ಕಪಕ್ಕದ ಊರುಗಳ ಜನ, ಮೊದಲು ಯಾವತ್ತೂ ನಟಿಸಿದವರಲ್ಲ. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಹೊಸ ನಿರ್ದೇಶಕರ ವಿಭಾಗದ ದೊಡ್ಡ ಬಹುಮಾನ ಬಂತು. 2016ರಲ್ಲಿ ನಮ್ಮ ಕಡೆ ಬಿಡುಗಡೆಯಾಯಿತು. ಮಂಡ್ಯದಲ್ಲಿ ನೋಡಿದೆ, ಅತ್ತೆ, ಚಿಕ್ಕಪ್ಪ, ಅವರ ಮಕ್ಕಳು ಎಲ್ಲರ ಜತೆ. ಸೆಂಚುರಿ ಗೌಡ ರಸ್ತೆ ಬದಿ ಕೂತು ಹೋಗುವವರು ಬರುವವರನ್ನೆಲ್ಲ ಬಯ್ಯಲು ಶುರು ಮಾಡಿದಾಗ ಥಿಯೇಟರ್ ತುಂಬ ನಗು. ಪಕ್ಕದ ಸಾಲಿನಲ್ಲಿದ್ದ ಒಬ್ಬ ಯಜಮಾನರು ನಗಲಿಲ್ಲ, ಅವನಿಗೆ ಉತ್ತರ ಕೊಡಲು ಶುರು ಮಾಡಿದರು!

ನೂರೊಂದು ವರ್ಷದ ಆ ಮುದುಕ ಮೂತ್ರಕ್ಕೆಂದು ಎದ್ದವನು ಬಿದ್ದು ಸಾಯುತ್ತಾನೆ. ಸಾವು ಮೊದಲ ಕೆಲವು ನಿಮಿಷದಲ್ಲೇ ಮುಗಿಯಿತು. ಉಳಿದದ್ದೆಲ್ಲ ಹನ್ನೊಂದನೇ ದಿನದ ಬಾಡೂಟದವರೆಗಿನ ಕಥೆ. ಮಗ ಗಡ್ಡಪ್ಪನಿಗೆ ಯಾವುದೂ ಬೇಡ, ಟೈಗರ್ ಬ್ರಾಂದಿ ಕುಡಿದುಕೊಂಡು ನಡೆಯುತ್ತಿರುತ್ತಾನೆ. ಮೊಮ್ಮಗ ತಮ್ಮಣ್ಣನಿಗೆ ಐದು ಎಕರೆ ಮಾರಬೇಕು. ಅದಕ್ಕೆ ಅಪ್ಪನೂ ಸತ್ತ ಅಂತ ಸರ್ಟಿಫಿಕೇಟ್ ಮಾಡಿಸುತ್ತಾನೆ. ಮರಿಮಗ ಅಭಿಗೆ ಕುರಿ ಕಾಯುವ ಹುಡುಗಿಯ ಹಿಂದೆ ಸುತ್ತಬೇಕು. ಇದನ್ನೆಲ್ಲ ಹೊರಗಿನವರು ಹಾಸ್ಯ ಅಂತ ನೋಡಿದರು, ಹಾಸ್ಯ ಇರುವುದೂ ನಿಜ. ಆದರೆ ನಮ್ಮ ತಾತ ತೀರಿಕೊಂಡಾಗ ಶಾಮಿಯಾನ ಬಿಚ್ಚುವ ಮೊದಲೇ ಪಹಣಿ, ಪೌತಿ ಖಾತೆ ಅಂತ ಮಾತು ಶುರುವಾಗಿತ್ತು. ತಿಥಿ ಕಾರ್ಡ್ ಯಾರಿಗೆ ಕೊಟ್ಟರು, ಯಾರಿಗೆ ಬಿಟ್ಟರು ಅಂತ ಜಗಳ ಬೇರೆ. ತಾತನಿಗಾಗಿ ಅಳಲು ಯಾರಿಗೂ ಬಿಡುವೇ ಇರಲಿಲ್ಲ. ಹಾಗಂತ ಯಾರೂ ಕೆಟ್ಟವರಲ್ಲ. ತಮ್ಮಣ್ಣನೂ ಕೆಟ್ಟವನಲ್ಲ. ಸಾಲ ತಂದಿದ್ದಾನೆ, ತಿಥಿ ಮಾಡಬೇಕು, ಊರಿಗೆ ಊಟ ಹಾಕಬೇಕು. ಸಿನಿಮಾ ಅವನನ್ನು ಬಯ್ಯುವುದಿಲ್ಲ, ಅವನ ಜತೆ ಓಡಾಡುತ್ತದೆ.

ಮತ್ತೆ ಆ ಬೆಂಕಿಯ ಮುಂದಿನ ದೃಶ್ಯ. ಕುರಿಗಾಹಿಗಳ ಜತೆ ಕೂತ ಗಡ್ಡಪ್ಪ ತನ್ನ ಹೆಂಡತಿಯ ಬಗ್ಗೆ, ತನ್ನ ಅಪ್ಪನ ಬಗ್ಗೆ ಹೇಳುತ್ತಾನೆ. ಏನು ಹೇಳುತ್ತಾನೆ ಅಂತ ಇಲ್ಲಿ ಬರೆಯುವುದಿಲ್ಲ, ನೋಡದವರು ಅವನ ಬಾಯಿಂದಲೇ ಕೇಳಬೇಕು. ಅಷ್ಟು ಹೊತ್ತು ನಕ್ಕ ಥಿಯೇಟರ್ ಅಲ್ಲಿ ಒಮ್ಮೆಲೇ ತಣ್ಣಗಾಯಿತು. ಈ ಮುದುಕ ಯಾಕೆ ಒಂದು ಕಡೆ ನಿಲ್ಲದೆ ನಡೆಯುತ್ತಾನೆ ಅಂತ ಆಗ ತಿಳಿಯುತ್ತದೆ. ಅವನು ಎಷ್ಟೋ ವರ್ಷದಿಂದ ಒಂದು ಘಟನೆಯ ಆಚೆ ಬದುಕುತ್ತಿದ್ದಾನೆ. ಗಡ್ಡಪ್ಪನಾದ ಚನ್ನೇಗೌಡರು ಇದನ್ನು ಹೇಳುವ ರೀತಿಯಲ್ಲಿ ಕಣ್ಣೀರು ಹಾಕಿಸುವ ಆತುರವೇ ಇಲ್ಲ. ನಾನು ನೋಡಿದ ಕನ್ನಡದ ಅಭಿನಯದಲ್ಲಿ ಮೊದಲ ಸಾಲಿನಲ್ಲಿ ಅದನ್ನು ಇಡುತ್ತೇನೆ, ಅಶ್ವಥ್ ಅವರ ಪಕ್ಕದಲ್ಲೇ.

ತಿಥಿಯಲ್ಲಿ ನನಗೆ ಕೊರತೆ ಅನ್ನಿಸುವುದು ಹೆಂಗಸರು. ಬಡ್ಡಿಗೆ ದುಡ್ಡು ಕೊಡುವವಳು ಒಬ್ಬಳನ್ನು ಬಿಟ್ಟರೆ ಉಳಿದವರು ಅಂಚಿನಲ್ಲಿದ್ದಾರೆ. ಹನ್ನೊಂದು ದಿನ ಯಾರ ಕೈ ಎಷ್ಟು ಮುದ್ದೆ ತೊಳಸಿತು ಅಂತ ನಮಗೆ ಗೊತ್ತಲ್ಲ! ಈರೇಗೌಡರು ತಾವೇ ನಿರ್ದೇಶಿಸಿದ ಬಳೆಕೆಂಪದಲ್ಲಿ ಮನೆಯೊಳಗೆ ಹೋಗುತ್ತಾರೆ, ಬಳೆ ಮಾರುವವನ ಹೆಂಡತಿ ಸೌಭಾಗ್ಯಳ ಹತ್ತಿರಕ್ಕೆ. 2018ರಲ್ಲಿ ಅದಕ್ಕೆ ರೋಟರ್‌ಡ್ಯಾಮ್‌ನಲ್ಲಿ ವಿಮರ್ಶಕರ ಪ್ರಶಸ್ತಿ ಬಂತು. ನಮ್ಮ ಜನ ಅದನ್ನು ನೋಡಿದ್ದು ತೀರಾ ಕಡಿಮೆ. ಬೇಜಾರಾಗುತ್ತದೆ.

ಘಟಶ್ರಾದ್ಧದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ, ಜಾಸ್ತಿ ಹೇಳಿದರೆ ನೋಡುವವರಿಗೆ ಏನೂ ಉಳಿಯುವುದಿಲ್ಲ. 1977ರ ಸಿನಿಮಾ, ಗಿರೀಶ್ ಕಾಸರವಳ್ಳಿ ಅವರ ಮೊದಲನೆಯದು, ರಾಷ್ಟ್ರಪ್ರಶಸ್ತಿಯ ಸ್ವರ್ಣಕಮಲ ಪಡೆದದ್ದು. ಬದುಕಿರುವ ವಿಧವೆ ಯಮುನಕ್ಕನಿಗೆ ಶ್ರಾದ್ಧ ಮಾಡಿ ಹೊರಹಾಕುತ್ತಾರೆ. ಅಷ್ಟೇ ಆಗಿದ್ದರೆ ಸಿಟ್ಟು ಬಂದು ಮುಗಿಯುತ್ತಿತ್ತು. ಆಮೇಲೆ ಅವಳಪ್ಪ ತಾನು ಚಿಕ್ಕ ಹುಡುಗಿಯೊಬ್ಬಳನ್ನು ಮದುವೆಯಾಗಲು ಹೊರಡುತ್ತಾನೆ. ಊರು ಅದಕ್ಕೆ ಏನೂ ಅನ್ನುವುದಿಲ್ಲ. ನಾನು ಮೊದಲು ನೋಡಿದ್ದು ಗೆರೆ ಬಿದ್ದ, ಮಸುಕಾದ ಪ್ರಿಂಟ್. 2024ರಲ್ಲಿ ಅದನ್ನು ಶುಚಿ ಮಾಡಿ ವೆನಿಸ್‌ನಲ್ಲಿ ತೋರಿಸಿದರು ಅಂತ ಓದಿದಾಗ ಡ್ಯೂಟಿ ರೂಮಿನಲ್ಲೇ ಎಲ್ಲರಿಗೂ ಹೇಳಿಕೊಂಡು ಖುಷಿಪಟ್ಟೆ.

ಹೊಸ ಸಿನಿಮಾಗಳನ್ನು ನಾನು ಬಯ್ಯುವವಳಲ್ಲ. ಮೈಸೂರಿನ ನಾರಾಯಣ ಶಾಸ್ತ್ರಿ ರಸ್ತೆಯ ಶಾಂತಲ ಥಿಯೇಟರ್ 2020ರಲ್ಲಿ ಮುಚ್ಚಿದಾಗ ಸಂಕಟವಾಯಿತು, ಆದರೂ ಮಾಲ್‌ಗಾದರೂ ಸರಿ, ಹೋಗುತ್ತೇನೆ. ಕಾಂತಾರ ನೋಡುವಾಗ ಕೊನೆಯ ಇಪ್ಪತ್ತು ನಿಮಿಷ ನನ್ನ ಮೈಮೇಲೆ ಮುಳ್ಳು ಎದ್ದಿದ್ದು ನಿಜ. ರಿಷಬ್ ಶೆಟ್ಟಿ ಅಲ್ಲಿ ತಮ್ಮನ್ನು ಪೂರ್ತಿ ಕೊಟ್ಟುಕೊಂಡಿದ್ದಾರೆ. ಮನೆಗೆ ಬಂದ ಮೇಲೆ ನನಗೆ ನೆನಪಾಗಿದ್ದು ನಾಯಕ ಶಿವನ ಅಮ್ಮ. ಗಂಡನನ್ನು ಕಾಡು ಕರೆದುಕೊಂಡಿತ್ತು, ಈಗ ಮಗನನ್ನೂ. ಮಾರನೇ ದಿನ ಬೆಳಿಗ್ಗೆ ಅವಳು ಏನು ಮಾಡಿದಳು? ಕಾಡಿನ ಗಾರ್ಡ್ ಆಗಿ ತನ್ನ ಊರಿಗೇ ಬೇಲಿ ಹಾಕಬೇಕಾಗಿ ಬಂದ ಲೀಲಾ ಆಮೇಲೆ ಅದೇ ಊರಲ್ಲಿ ಹೇಗೆ ಬದುಕಿದಳು? ಮಾನಸಿ ಸುಧೀರ್, ಸಪ್ತಮಿ ಗೌಡ ಇಬ್ಬರೂ ಅದನ್ನು ತೋರಿಸಬಲ್ಲ ನಟಿಯರು. ಹತ್ತು ನಿಮಿಷ ಕೊಟ್ಟಿದ್ದರೆ ಸಾಕಿತ್ತು. ಕೆಜಿಎಫ್ ಥರದವುಗಳಲ್ಲಿ ಈ ಪ್ರಶ್ನೆಗೆ ಜಾಗವೇ ಇಲ್ಲ. ಒಂದು ಹೊಡೆತ ಬಿದ್ದು ಅದರ ನೋವು ಗೊತ್ತಾಗುವ ಮೊದಲೇ ಇನ್ನೊಂದು ಬೀಳುತ್ತದೆ. ನನಗೆ ಅವು ಹಿಡಿಸುವುದಿಲ್ಲ.

ಹಾಗಾಗಿ ಸಪ್ತ ಸಾಗರದಾಚೆ ಎಲ್ಲೋ ಬಗ್ಗೆ ನಾನು ಸಿಕ್ಕವರ ಜತೆಯೆಲ್ಲ ವಾದ ಮಾಡುತ್ತೇನೆ. ಹೇಮಂತ್ ರಾವ್ ಅದನ್ನು ಎರಡು ಭಾಗ ಮಾಡಿದರು, 2023ರ ಸೆಪ್ಟೆಂಬರ್‌ನಲ್ಲಿ ಒಂದು, ನವೆಂಬರ್‌ನಲ್ಲಿ ಇನ್ನೊಂದು. ಮೊದಲನೆಯದರಲ್ಲಿ ಮನು ದುಡ್ಡಿನ ಆಸೆಗೆ ಬೇರೆಯವರ ತಪ್ಪು ಹೊತ್ತು ಜೈಲಿಗೆ ಹೋಗುತ್ತಾನೆ, ಪ್ರಿಯಾ ಹೊರಗೆ ಕಾಯುತ್ತಾಳೆ. ಎಲ್ಲರೂ ಅತ್ತರು, ಎಲ್ಲರಿಗೂ ಇಷ್ಟವಾಯಿತು. ಎರಡನೆಯದು ಅವನು ಹೊರಗೆ ಬಂದ ಮೇಲಿನದು. ಅದು ಎಳೆದಂತಿದೆ, ಬೇಕಿರಲಿಲ್ಲ ಅಂದವರೇ ಹೆಚ್ಚು. ನನ್ನ ಜತೆ ಬಂದಿದ್ದ ಗೆಳತಿಯೂ ಅದನ್ನೇ ಅಂದಳು. ನನಗೆ ಮಾತ್ರ ಎರಡನೆಯದೇ ದೊಡ್ಡದು. ಜೈಲಿನಿಂದ ಬಂದವನಿಗೆ ಹೊರಗಿನ ಸದ್ದು, ಜಾಗ, ಜನ ಯಾವುದೂ ಹಿಡಿಯುವುದಿಲ್ಲ. ಪ್ರಿಯಾ ಬೇರೆಯವನ ಹೆಂಡತಿ, ಒಂದು ಮಗುವಿನ ತಾಯಿ. ಅವಳ ಬದುಕು ಸೋತಿದೆ, ಆದರೂ ಅದು ಅವಳದೇ ಬದುಕು. ಮನುಗೆ ಅದರಲ್ಲಿ ಜಾಗವಿಲ್ಲ. ದೂರದಿಂದ ನೋಡುತ್ತಾನೆ, ಕದ್ದು ಸಹಾಯ ಮಾಡುತ್ತಾನೆ. ಇದು ಸರಿಯೋ ತಪ್ಪೋ ಅಂತ ನನಗೆ ಸಿಟ್ಟೂ ಬಂತು, ಕರುಳೂ ಚುರ್ ಅಂದಿತು. ಚೈತ್ರಾ ಆಚಾರ್ ಮಾಡಿದ ಸುರಭಿಯ ಪಾತ್ರಕ್ಕೆ ಇನ್ನಷ್ಟು ಸಮಯ ಬೇಕಿತ್ತು. ಕೊನೆಯ ಹೊಡೆದಾಟ ನನಗೆ ಬೇಡವಾಗಿತ್ತು. ಅಷ್ಟು ಮೆಲ್ಲಗೆ ನಡೆದ ಸಿನಿಮಾ ಅಲ್ಲಿ ಯಾಕೆ ಓಡಿತೋ.

ಇನ್ನೂ ನೋಡದವರಿದ್ದರೆ ಎರಡನ್ನೂ ಒಂದೇ ರಾತ್ರಿ ನೋಡಬೇಡಿ. ಮೊದಲನೆಯದು ನೋಡಿ ಒಂದೆರಡು ವಾರ ಬಿಡಿ, ನಿಮ್ಮ ಕೆಲಸಗಳಲ್ಲಿ ಅದನ್ನು ಸ್ವಲ್ಪ ಮರೆಯಿರಿ. ಆಮೇಲೆ ಎರಡನೆಯದು ಹಾಕಿ, ಮೊಬೈಲ್ ಪಕ್ಕಕ್ಕಿಟ್ಟು. ರುಕ್ಮಿಣಿ ವಸಂತ್ ಎರಡನೇ ಭಾಗದಲ್ಲಿ ಕಾಣುವುದು ಕಡಿಮೆ ಹೊತ್ತು, ಮಾತೂ ಕಡಿಮೆ. ಅವರು ಬಂದಾಗಲೆಲ್ಲ ಮುಖ ನೋಡುತ್ತಿರಿ.