ಗೂಬೆಯಲ್ಲ, ಕಪ್ಪೆಬಾಯಿ

14 ಮಾರ್ಚ್ 2025, ಶುಕ್ರವಾರ

ಇವತ್ತಿನ ಒಂದು ಫೋಟೋದಲ್ಲೂ ಹಕ್ಕಿ ಕಣ್ಣು ಬಿಟ್ಟಿಲ್ಲ. ನನಗೆ ಅದೇ ಖುಷಿ. ಶ್ರೀಲಂಕಾ ಕಪ್ಪೆಬಾಯಿ, ಅಂದರೆ ಫ್ರಾಗ್‌ಮೌತ್ ಎಂಬ ರಾತ್ರಿ ಹಕ್ಕಿ, ಹಗಲಲ್ಲಿ ಇರುವುದೇ ಹಾಗೆ. ಜೋಡಿ ಒಂದೇ ಕೊಂಬೆಯ ಮೇಲೆ ಮೈಗೆ ಮೈ ತಾಗಿಸಿ ಕೂತಿತ್ತು. ಗಂಡು ಬೂದು, ಹೆಣ್ಣು ಕೆಂಗಂದು. ಸ್ವಲ್ಪ ಸದ್ದಾದರೂ ಕೊಕ್ಕು ಮೇಲೆತ್ತಿ ಮುರಿದ ಕೊಂಬೆಯ ತುಂಡಿನಂತೆ ಆಗಿಬಿಡುತ್ತವೆ. ಈ ಹಕ್ಕಿ ಇರುವುದು ಪಶ್ಚಿಮ ಘಟ್ಟ ಮತ್ತು ಶ್ರೀಲಂಕಾದಲ್ಲಿ ಮಾತ್ರ.

ಫೋಟೋ ನೋಡಿದವರು ಕೇಳುವುದು ಒಂದೇ: 'ಗೂಬೆ ಮರಿ ಅಲ್ವಾ?' ಅಲ್ಲ. ಕಾಲು ನೋಡಿ. ಗೂಬೆ ಬೇಟೆ ಹಿಡಿಯುವುದು ಕಾಲಿನಿಂದ. ಅದರ ಉಗುರು ಕೊಕ್ಕೆಯಂತೆ ಬಾಗಿ ಗಟ್ಟಿಯಾಗಿರುತ್ತವೆ. ಕಪ್ಪೆಬಾಯಿಯ ಕಾಲು ಪುಟ್ಟದು, ಬಲವಿಲ್ಲದ್ದು. ಅದಕ್ಕೆ ಎಲ್ಲ ಕೆಲಸವೂ ಬಾಯಿಯದ್ದೇ. ಅಗಲವಾದ ಕೊಕ್ಕು, ಅದರ ಬುಡದಲ್ಲಿ ಮೀಸೆಯಂಥ ಬಿರುಸು ಗರಿಗಳು. ನತ್ತಿಂಗಗಳಿಗೆ, ಅಂದರೆ ನೈಟ್‌ಜಾರ್‌ಗಳಿಗೆ, ಕೊಕ್ಕು ಇದ್ದೂ ಇಲ್ಲದಂತೆ. ಬಾಯಿ ಮಾತ್ರ ಕಣ್ಣಿನ ಕೆಳಗಿನವರೆಗೂ ಸೀಳಿರುತ್ತದೆ. ಹಾರುತ್ತಲೇ ಹುಳ ಹಿಡಿಯುತ್ತವೆ. ಕಣಜಗೂಬೆ ಕತ್ತಲಲ್ಲಿ ಬರೀ ಸದ್ದು ಕೇಳಿಯೇ ಇಲಿ ಹಿಡಿಯಬಲ್ಲದು. ನತ್ತಿಂಗಕ್ಕೆ ಕಣ್ಣೇ ಆಧಾರ, ಹಾಗಾಗಿ ಬೆಳುದಿಂಗಳಲ್ಲಿ ಅದರ ಓಡಾಟ ಜಾಸ್ತಿ. ಕಪ್ಪೆಬಾಯಿ, ನತ್ತಿಂಗ ಎರಡೂ ನಂಟಿನಲ್ಲಿ ಗೂಬೆಗಿಂತ ಹಮ್ಮಿಂಗ್‌ಬರ್ಡ್‌ಗೆ ಹತ್ತಿರ! ಇದನ್ನು ನಾನು ಎಷ್ಟು ಸಲ ಓದಿದರೂ ಬೆರಗು ಹೋಗಿಲ್ಲ.

ಆದ್ದರಿಂದಲೇ ಗೂಬೆಯ ಫೋಟೋ ತೆಗೆಯುವಂತೆ ಇದನ್ನು ತೆಗೆಯಬಾರದು ಅನ್ನುವುದು ನನ್ನ ಅಭಿಪ್ರಾಯ. ಗೂಬೆಗೆ ಮುಖವೇ ಎಲ್ಲ. ಇದಕ್ಕೆ ಕೊಂಬೆ, ಕಾಲು, ಸುತ್ತಲಿನ ಒಣ ಎಲೆ ಎಲ್ಲ ಬೇಕು. ಇವತ್ತು ಲೆನ್ಸ್ ಇದ್ದರೂ ಜೂಮ್ ಮಾಡದೆ ಹಿಂದೆ ಸರಿದೆ. ಟ್ರೈಪಾಡ್ ಮೇಲೆ ಸೆಕೆಂಡಿನ 15ನೇ ಒಂದು ಭಾಗ, ಸದ್ದಿಲ್ಲದ ಶಟರ್. ಹಕ್ಕಿ ಅಲುಗುವುದೇ ಇಲ್ಲ, ಅಷ್ಟು ನಿಧಾನ ಸಾಕು. ಆಟೋಫೋಕಸ್ ಮುಂದಿನ ಎಲೆಗೇ ಹೋಗುತ್ತಿತ್ತು, ಕೈಯಲ್ಲೇ ಫೋಕಸ್ ಮಾಡಿದೆ. ಸ್ವಲ್ಪ ಕೆಳಗಿನಿಂದ, ಎದುರಿನಿಂದ ತೆಗೆದ ಒಂದರಲ್ಲಿ ಕೊಕ್ಕಿನ ಅಗಲ ಪೂರ್ತಿ ಬಂದಿದೆ. ನನಗೆ ಬೇಕಿದ್ದದ್ದು ಅದೇ.

(2021ರಲ್ಲಿ ಜರ್ಮನಿಯ ಸಂಶೋಧಕರು ಇನ್‌ಸ್ಟಾಗ್ರಾಮ್‌ನ ಹಕ್ಕಿ ಫೋಟೋಗಳ ಲೈಕ್‌ ಲೆಕ್ಕ ಹಾಕಿದಾಗ ಕಪ್ಪೆಬಾಯಿಗಳೇ ಮೊದಲು ಬಂದವು. ಅದರ ಮುಖ ನೋಡಿದವರಿಗೆ ಆಶ್ಚರ್ಯವೇನಿಲ್ಲ.)

ಕಣ್ಣು ತೆರೆಯಲಿ ಅಂತ ಕೆಲವರು ಚಪ್ಪಾಳೆ ತಟ್ಟುತ್ತಾರೆ, ಮೊಬೈಲ್‌ನಲ್ಲಿ ಕೂಗು ಹಾಕುತ್ತಾರೆ. ನೋಡಿದರೆ ಸಂಕಟವಾಗುತ್ತದೆ. ಕಣ್ಣು ಮುಚ್ಚುವುದು ಬಚ್ಚಿಟ್ಟುಕೊಳ್ಳುವ ಉಪಾಯ. ಮಧ್ಯ ಮತ್ತು ದಕ್ಷಿಣ ಅಮೆರಿಕದ ಪೊಟೂ ಹಕ್ಕಿಗಂತೂ ಮೇಲ್ರೆಪ್ಪೆಯಲ್ಲೇ ಸಣ್ಣ ಸೀಳುಗಳಿವೆ. ಕಣ್ಣು ಮುಚ್ಚಿಕೊಂಡೇ ನಿಮ್ಮನ್ನು ಗಮನಿಸುತ್ತಿರುತ್ತದೆ.

ರಾತ್ರಿ ನತ್ತಿಂಗದ ಮೇಲೆ ಟಾರ್ಚ್ ಬಿಟ್ಟರೆ ಕಣ್ಣು ಕೆಂಡದಂತೆ ಹೊಳೆಯುತ್ತದೆ. ಬೆಳಕು ವಾಪಸ್ ಕಳಿಸುವ ಪದರ ಒಳಗಿದೆ. ಚಿತ್ರ ಚೆಂದ ಬರುತ್ತದೆ, ನಿಜ. ಆದರೆ ಅದು ಕೂರುವುದು ಹೆಚ್ಚಾಗಿ ರಸ್ತೆಯ ಮೇಲೆ. ಕಣ್ಣು ಕುಕ್ಕಿದ ಹಕ್ಕಿಗೆ ಹಿಂದಿನಿಂದ ಬರುವ ವಾಹನ ಕಾಣುವುದಿಲ್ಲ. ನನ್ನ ನತ್ತಿಂಗದ ಚಿತ್ರಗಳೆಲ್ಲ ಮುಸ್ಸಂಜೆಯ ಬೆಳಕಿನವು, ಮುಂದೆಯೂ ಹಾಗೇ.

ಇದು ಕಪ್ಪೆಬಾಯಿ ಗೂಡು ಕಟ್ಟುವ ಕಾಲ. ಇಡುವುದು ಒಂದೇ ಮೊಟ್ಟೆ. ಹಗಲಿಡೀ ಅದರ ಮೇಲೆ ಕೂರುವುದು ಗಂಡು. ಅದನ್ನು ಎಬ್ಬಿಸಿದರೆ ಮೊಟ್ಟೆ ಬಯಲಿಗೆ ಬೀಳುತ್ತದೆ. ಹಾಗಾಗಿ ಇನ್ನು ಕೆಲವು ವಾರ ಆ ಕಡೆ ಹೋಗುವುದಿಲ್ಲ. ಜಾಗದ ಹೆಸರನ್ನೂ ಇಲ್ಲಿ ಬರೆಯುತ್ತಿಲ್ಲ. ದಯವಿಟ್ಟು ಕೇಳಬೇಡಿ.