ಕಲಬುರಗಿಯ ಬಿಸಿಲಿನಲ್ಲಿ ಹೊಸ ಜಾವಾ: ಮೊದಲ ಐದು ತಿಂಗಳು

ಯುಗಾದಿಯ ದಿನ ಮನೆಗೆ ಬಂದ ಮರೂನ್ ಬಣ್ಣದ ಜಾವಾ 350 ಬೈಕಿಗೆ ಈ ಶ್ರಾವಣದಲ್ಲಿ ಐದು ತಿಂಗಳು ತುಂಬಿದವು. ಓಡೋಮೀಟರ್ 3,400 ಕಿ.ಮೀ. ದಾಟಿದೆ. ಇಷ್ಟು ಕಡಿಮೆ ಓಟದ ಗಾಡಿಯ ಬಗ್ಗೆ ತೀರ್ಪು ಹೇಳುವುದು ಸರಿಯಲ್ಲ, ಆದರೆ ಕಲಬುರಗಿಯ ಒಂದು ಇಡೀ ಬೇಸಿಗೆಯನ್ನೂ ಅರ್ಧ ಮಳೆಗಾಲವನ್ನೂ ಅದು ನನ್ನೊಡನೆ ಕಳೆದಿರುವುದರಿಂದ, ಈ ಕಡೆಯ ಬಿಸಿಲು, ನೀರು, ಮಣ್ಣು ಇಂಥ ಗಾಡಿಯಿಂದ ಏನು ಕೇಳುತ್ತವೆ ಎಂಬುದನ್ನು ಬರೆದಿಡಬೇಕೆನಿಸಿತು.

ಪೂಜೆ ಮುಗಿದು, ಚಕ್ರದಡಿಯ ನಿಂಬೆಹಣ್ಣು ಒಡೆದ ಮೇಲೆ ಮೊದಲು ಸೀಟಿನ ಮೇಲೆ ಕುಳಿತವರು ಅಪ್ಪ. ಕುಳಿತ ಕೂಡಲೇ ಅವರ ಎಡಗಾಲು ತಾನಾಗಿಯೇ ಗೇರ್ ಲಿವರ್ ಬಳಿಗೆ ಹೋಯಿತು. ಚಪ್ಪಲಿಯ ಅಂಚಿನಿಂದ ಅದನ್ನು ಒಳಗೆ ಒತ್ತಿ ಹಿಂದಕ್ಕೆ ಮೇಲೆತ್ತಲು ನೋಡಿದರು. ಅದು ಅಲುಗಲಿಲ್ಲ. "ಇದರ ಕಿಕ್ ಎಲ್ಲಿ ಅದೋ?" ಎಂದು ಕೇಳಿದರು. ಹಳೆಯ ಜಾವಾ ಮತ್ತು ಯೆಜ್ದಿಗಳಲ್ಲಿ ಗೇರ್ ಲಿವರೇ ಕಿಕ್ ಲಿವರ್ ಕೂಡ ಆಗಿತ್ತು. ಒಳಕ್ಕೆ ಒತ್ತಿ ಮೇಲೆತ್ತಿದರೆ ಕಿಕ್, ಕೆಳಗೆ ಬಿಟ್ಟರೆ ಗೇರ್. ಗೇರ್ ಹಾಕುವಾಗ ಆ ಲಿವರೇ ಕ್ಲಚ್ಚನ್ನೂ ಬಿಡಿಸುತ್ತಿದ್ದುದರಿಂದ ಕೈ ಪಳಗಿದವರು ಎಡಗೈ ಮುಟ್ಟದೆಯೇ ಗೇರ್ ಬದಲಿಸುತ್ತಿದ್ದರು. ಅಪ್ಪ ಚಿತ್ತಾಪುರ ತಾಲ್ಲೂಕಿನ ಶಾಲೆಗಳಲ್ಲಿ ಮೇಷ್ಟ್ರಾಗಿದ್ದಾಗ ಹದಿಮೂರು ವರ್ಷ ಯೆಜ್ದಿ ಓಡಿಸಿದವರು. ಗಾಡಿ ಮಾರಿ ಕಾಲು ಶತಮಾನ ಕಳೆದರೂ ಅವರ ಕಾಲಿಗೆ ಅದು ಮರೆತಿಲ್ಲವೆಂಬುದನ್ನು ನಾನು ಅಂದೇ ಕಂಡೆ.

ನಾನು ಈ ಗಾಡಿ ಕೊಂಡಿದ್ದಕ್ಕೂ ಆ ಯೆಜ್ದಿಯೇ ಕಾರಣ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಈ ಗಾಡಿಗಳನ್ನು ತಯಾರಿಸಿತು. ಝೆಕ್ ಕಂಪನಿಯ ಜಾವಾ ಎಂಬ ಹೆಸರಿನ ಜಾಗಕ್ಕೆ 1970ರ ದಶಕದಲ್ಲಿ ಯೆಜ್ದಿ ಎಂಬ ಹೆಸರು ಬಂತು. ನಮ್ಮ ರಾಜ್ಯದಲ್ಲೇ ಹುಟ್ಟಿದ ಗಾಡಿ ಎಂಬ ಅಭಿಮಾನ ಮೈಸೂರಿನಿಂದ ಇಷ್ಟು ದೂರದ ನಮ್ಮ ಕಡೆಯವರಿಗೂ ಇತ್ತು. ಮಹೀಂದ್ರಾ ಬೆಂಬಲದ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ 2018ರಲ್ಲಿ ಜಾವಾ ಹೆಸರನ್ನು ಮತ್ತೆ ರಸ್ತೆಗೆ ತಂದಾಗ ಕಾರ್ಖಾನೆ ಮಾತ್ರ ಮಧ್ಯಪ್ರದೇಶದ ಪೀಥಂಪುರದಲ್ಲಿತ್ತು. ಮೈಸೂರಿಗೆ ಆ ಭಾಗ್ಯ ಸಿಗಲಿಲ್ಲವಲ್ಲ ಎಂಬ ಕೊರಗು ನನಗೆ ಈಗಲೂ ಇದೆ.

ಗಾಡಿಯ ಮುಖ ಹಳೆಯದು: ದುಂಡು ಹೆಡ್‌ಲೈಟು, ಕ್ರೋಮ್ ಹೊದ್ದ ಟ್ಯಾಂಕು, ತಂತಿ ಕಡ್ಡಿಗಳ ಚಕ್ರ, ಒಂದೇ ಸಿಲಿಂಡರಿದ್ದರೂ ಎರಡೂ ಬದಿಗೆ ಒಂದೊಂದು ಸೈಲೆನ್ಸರು. ಒಳಗಿರುವುದು ಮಾತ್ರ ಪೂರ್ತಿ ಈ ಕಾಲದ ಯಂತ್ರ: 334 ಸಿಸಿಯ ಫೋರ್ ಸ್ಟ್ರೋಕ್ ಎಂಜಿನ್, ಆರು ಗೇರು, ಎರಡೂ ಚಕ್ರಕ್ಕೆ ಡಿಸ್ಕ್ ಬ್ರೇಕ್ ಮತ್ತು ಎಬಿಎಸ್ (ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಕಚ್ಚಿ ಜಾರದಂತೆ ತಡೆಯುವ ವ್ಯವಸ್ಥೆ), ಎಂಜಿನ್ನಿನ ಮುಂದೆ ಕಪ್ಪು ರೇಡಿಯೇಟರ್. ನಾನು ಕೊಂಡಿದ್ದು ಮುಖ ನೋಡಿ. ಈ ಐದು ತಿಂಗಳಲ್ಲಿ ನನ್ನ ಮನಸ್ಸು ಗೆದ್ದದ್ದು ಒಳಗಿನ ಯಂತ್ರ.

ಹೊಸ ಎಂಜಿನ್ನನ್ನು ಪಳಗಿಸುವ ರನ್ನಿಂಗ್-ಇನ್ ಅವಧಿ ಸರಿಯಾಗಿ ಏಪ್ರಿಲ್ ತಿಂಗಳಿಗೆ ಬಿತ್ತು. ಹೊಸ ಸಿಲಿಂಡರಿನ ಗೋಡೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗೀರುಗಳಿರುತ್ತವೆ. ಪಿಸ್ಟನ್ ಉಂಗುರಗಳು ಅವುಗಳ ಮೇಲೆ ಉಜ್ಜಿ ಉಜ್ಜಿ ತಮ್ಮ ಜಾಗವನ್ನು ತಾವೇ ಮಾಡಿಕೊಳ್ಳಬೇಕು. ಆ ಹೊತ್ತಿನಲ್ಲಿ ಎಂಜಿನ್ನನ್ನು ಹಿಂಡಬಾರದು, ಹಾಗೆಂದು ಒಂದೇ ವೇಗದಲ್ಲಿ ಗಂಟೆಗಟ್ಟಲೆ ಎಳೆಯಲೂ ಬಾರದು; ವೇಗ ಏರಬೇಕು, ಇಳಿಯಬೇಕು, ಗೇರುಗಳೆಲ್ಲ ಬಳಕೆಯಾಗಬೇಕು. ಹಗಲಿನಲ್ಲಿ ತಾಪಮಾನ 42-43 ಡಿಗ್ರಿ ಮುಟ್ಟುವ ಊರಿನಲ್ಲಿ ಇದಕ್ಕೆ ಸಿಗುವುದು ನಸುಕು ಮಾತ್ರ. ಐದೂವರೆಗೆ ಮನೆ ಬಿಟ್ಟು, ಸೇಡಂ ರಸ್ತೆ ಹಿಡಿದು ಸುಮಾರು 40 ಕಿ.ಮೀ. ದೂರದ ಮಳಖೇಡದವರೆಗೆ ಹೋಗಿ, ಕಾಗಿಣಾ ನದಿಯ ದಂಡೆಯ ಕೋಟೆಯ ಬಳಿ ಎಂಜಿನ್ ಆರಿಸಿ, ಒಂದು ಚಹಾ ಕುಡಿದು, ಬಿಸಿಲೇರುವ ಮೊದಲು ಮರಳುವುದು ಆ ತಿಂಗಳಿಡೀ ನನ್ನ ರೂಢಿಯಾಯಿತು. ಈ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ; ಅದನ್ನು ನಾನು ಅದಕ್ಕೂ ಮೊದಲು ಬಸ್ಸಿನ ಕಿಟಕಿಯಿಂದಷ್ಟೇ ನೋಡಿದ್ದೆ. ಗಂಟೆಗೆ 60 ಕಿ.ಮೀ. ಮೀರಬಾರದೆಂಬ ಕಟ್ಟಳೆ ಇಟ್ಟುಕೊಂಡಾಗ ರಸ್ತೆಯ ಎರಡೂ ಬದಿಯ ತೊಗರಿ ಹೊಲಗಳು, ಕೊಯ್ಲಾದ ನಂತರ ಬಿರುಕುಬಿಟ್ಟ ಎರೆಭೂಮಿ, ಸಿಮೆಂಟ್ ಲಾರಿಗಳ ಸಾಲು, ಎಲ್ಲವೂ ಒಂದೊಂದಾಗಿ ಕಣ್ಣಿಗೆ ಬಿದ್ದವು.

ಏಳುನೂರು ಕಿ.ಮೀ. ಆಸುಪಾಸಿನಲ್ಲಿ ಎಂಜಿನ್ನಿನ ಸದ್ದು ಬದಲಾದದ್ದು ನನಗೆ ಸ್ಪಷ್ಟವಾಗಿ ತಿಳಿಯಿತು. ಮೊದಲು ಮೂರನೇ ಗೇರಿನಿಂದ ನಾಲ್ಕಕ್ಕೆ ಹೋಗುವಾಗ ಕಾಲಿಗೆ ಒಂದು ಗಡಸು ತಾಗುತ್ತಿತ್ತು, ಅದು ಸಡಿಲವಾಯಿತು. ನಿಂತಾಗ ಬರುವ ಗುಟುಗುಟು ಸಮವಾಯಿತು. ಯೆಜ್ದಿಯ ಟೂ ಸ್ಟ್ರೋಕ್ ಸದ್ದನ್ನು ಇದರಲ್ಲಿ ಹುಡುಕುವುದನ್ನು ನಾನು ನಿಲ್ಲಿಸಿದ್ದೂ ಆ ದಿನಗಳಲ್ಲೇ. ಆ ಸದ್ದು, ಪೆಟ್ರೋಲಿನೊಡನೆ ಬೆರೆಸಿದ ಎಣ್ಣೆ ಸುಟ್ಟ ನೀಲಿ ಹೊಗೆಯ ವಾಸನೆ, ಅದು ಆ ಯಂತ್ರದ್ದು. ಇದರ ದನಿ ಬೇರೆ, ತುಸು ಆಳದ್ದು.

ಮೇ ತಿಂಗಳಲ್ಲಿ ಬಿಸಿಲು ತನ್ನ ಪಾಠ ಕಲಿಸಿತು. ಒಂದು ಮಧ್ಯಾಹ್ನ ಸೂಪರ್ ಮಾರ್ಕೆಟ್ ಕಡೆ ಕೆಲಸವಿತ್ತು. ಗಾಡಿಯನ್ನು ಸೈಡ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ ಅಂಗಡಿಯೊಳಗೆ ಹೋದೆ. ಹತ್ತು ನಿಮಿಷದ ನಂತರ ಬಂದು ನೋಡಿದರೆ ಗಾಡಿ ಮೊದಲಿಗಿಂತ ಹೆಚ್ಚು ವಾಲಿತ್ತು. ಬಗ್ಗಿ ನೋಡಿದೆ. ಕಾದು ಮೆತ್ತಗಾದ ಡಾಂಬರಿನೊಳಗೆ ಸ್ಟ್ಯಾಂಡಿನ ಪಾದ ಒಂದು ಬೆರಳಿನಷ್ಟು ಇಳಿದು, ಸುತ್ತಲೂ ಕಪ್ಪು ದಡಿ ಎದ್ದಿತ್ತು. ಇನ್ನರ್ಧ ಗಂಟೆ ತಡವಾಗಿದ್ದರೆ ಹತ್ತಿರ ಹತ್ತಿರ ಎರಡು ಕ್ವಿಂಟಲ್ ತೂಕದ ಗಾಡಿ ನೆಲಕ್ಕೊರಗುತ್ತಿತ್ತು. ಅಂದಿನಿಂದ ಅಂಗೈಯಗಲದ ಒಂದು ಶಹಾಬಾದ್ ಪರಸಿಯ ತುಂಡು ನನ್ನ ಚೀಲದಲ್ಲಿರುತ್ತದೆ. ಸ್ಟ್ಯಾಂಡಿನ ಕೆಳಗೆ ಅದನ್ನಿಟ್ಟೇ ನಾನು ಗಾಡಿ ಬಿಡುವುದು. ನಮ್ಮ ಕಡೆಯ ಮನೆಗಳಿಗೆ ನೆಲಹಾಸಾಗುವ ಕಲ್ಲು ಹೀಗೂ ಉಪಯೋಗಕ್ಕೆ ಬಂತು.

ರೇಡಿಯೇಟರ್ ಬಗ್ಗೆ ಕೊಳ್ಳುವ ಮೊದಲು ನನಗೆ ಅಳುಕಿತ್ತು. ಗಾಳಿಗೆ ತಣಿಯುವ ಎಂಜಿನ್ ಸರಳ, ಇದರಲ್ಲಿ ಪಂಪು, ಥರ್ಮೋಸ್ಟಾಟು, ಫ್ಯಾನು, ಕೊಳವೆಗಳು, ಕೆಡಲು ಹತ್ತು ವಸ್ತುಗಳು ಎಂದು ಹೇಳಿದವರೇ ಹೆಚ್ಚು. ಆದರೆ ಜಗತ್ ಸರ್ಕಲ್‌ನ ದಟ್ಟಣೆಯಲ್ಲಿ, ಮೇ ತಿಂಗಳ ಮಧ್ಯಾಹ್ನ ಎರಡರ ಹೊತ್ತಿಗೆ, ಗಾಳಿಯೇ ಬೆಂಕಿಯಾಗಿರುವಾಗ ನಿಂತ ಗಾಡಿಯನ್ನು ತಣಿಸಲು ಯಾವ ಗಾಳಿ ಬಂದೀತು? ಎಂಜಿನ್ ಕಾದು ಫ್ಯಾನು ಶುರುವಾದಾಗ ಬಿಸಿಗಾಳಿ ಮೊಣಕಾಲಿನ ಕೆಳಗೆ ಬಡಿಯುತ್ತದೆ, ಅದು ಹಿತವಲ್ಲ, ನಿಜ. ಆದರೂ ಆ ಶಾಖ ಎಂಜಿನ್ನಿನಿಂದ ಹೊರಗೆ ಬರುತ್ತಿದೆ ಎಂಬುದರ ಗುರುತು ಅದೇ ತಾನೆ. ಬೇಸಿಗೆಯಿಡೀ ಗೇರಾಗಲಿ ಎಳೆತವಾಗಲಿ ಒಂದು ದಿನವೂ ಸೊರಗಲಿಲ್ಲ.

ಇದರಲ್ಲಿ ನಮ್ಮ ಕಡೆಯವರು ಎಚ್ಚರ ವಹಿಸಬೇಕಾದ ಒಂದು ಸಂಗತಿ ಇದೆ. ಎಂಜಿನ್ನನ್ನು ತಣಿಸುವ ದ್ರವವಾದ ಕೂಲೆಂಟ್ ಕಡಿಮೆಯಾದರೆ ನಲ್ಲಿಯ ನೀರನ್ನೋ ಬೋರ್‌ವೆಲ್ ನೀರನ್ನೋ ಸುರಿಯಬಾರದು. ಇದು ಸುಣ್ಣಕಲ್ಲಿನ ಸೀಮೆ. ಶಹಾಬಾದ್, ವಾಡಿ, ಸೇಡಂಗಳಲ್ಲಿ ಸಿಮೆಂಟ್ ಕಾರ್ಖಾನೆಗಳು ನಿಂತಿರುವುದೂ ಈ ಕಲ್ಲನ್ನು ನಂಬಿಯೇ. ಅದೇ ಕಲ್ಲಿನ ಸುಣ್ಣ ನಮ್ಮ ಅಂತರ್ಜಲದಲ್ಲಿ ಕರಗಿರುತ್ತದೆ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪದರವೇ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟಿದರೆ ಶಾಖ ಹೊರಹೋಗುವ ದಾರಿ ಮುಚ್ಚುತ್ತದೆ. ಎಂಜಿನ್ ತಣ್ಣಗಿರುವಾಗ ಮಟ್ಟ ನೋಡಿ, ಬೇಕೆನಿಸಿದರೆ ಸಿದ್ಧ ಕೂಲೆಂಟನ್ನೇ ತುಂಬಬೇಕು. ಬಿಸಿಯಿರುವಾಗ ಮುಚ್ಚಳ ಮುಟ್ಟಲೇಬಾರದು.

ಇದೇ ನೀರು ಕ್ರೋಮಿಗೂ ಶತ್ರು. ಮೊದಲ ವಾರ ಉತ್ಸಾಹದಿಂದ ಅಂಗಳದಲ್ಲಿ ಬಿಸಿಲಿಗೇ ನಿಲ್ಲಿಸಿ ತೊಳೆದೆ. ಒರೆಸುವ ಮೊದಲೇ ಹನಿಗಳು ಆರಿ ಟ್ಯಾಂಕಿನ ಮೇಲೆಲ್ಲ ಬಿಳಿ ಚುಕ್ಕೆಗಳು ಮೂಡಿದವು. ಹತ್ತಿಬಟ್ಟೆಗೆ ಸ್ವಲ್ಪ ವಿನಿಗರ್ ಹಚ್ಚಿ ಮೆಲ್ಲಗೆ ಒರೆಸಿ, ಕೂಡಲೇ ಶುದ್ಧ ನೀರಿನಿಂದ ತೊಳೆದ ಮೇಲೆ ಹೋದವು. ಈಗ ಸಂಜೆಯ ನೆರಳಿನಲ್ಲಿ ತೊಳೆದು, ಹಸಿಯಿರುವಾಗಲೇ ಒರೆಸುತ್ತೇನೆ.

ಮುಂಗಾರು ಬಂದ ಮೇಲೆ ಎರೆಮಣ್ಣಿನ ಸರದಿ. ಸೋದರತ್ತೆಯ ಊರಿಗೆ ಹೋಗುವ ಹೊಲದ ದಾರಿಯಲ್ಲಿ ಮಳೆ ನಿಂತು ಒಂದು ಗಂಟೆಯಾಗಿತ್ತು. ಐವತ್ತು ಗಜ ಹೋಗುವಷ್ಟರಲ್ಲಿ ಮುಂದಿನ ಚಕ್ರ ಉರುಳದಾಯಿತು. ಮಡ್‌ಗಾರ್ಡ್ ಮತ್ತು ಟೈರಿನ ನಡುವೆ ಕರಿಮಣ್ಣು ಕಣಕದಂತೆ ಗಿಡಿದು ನಿಂತಿತ್ತು. ಎತ್ತಿನ ಬಂಡಿಯೂ ಹೂತು ನಿಲ್ಲುವ ಮಣ್ಣಿದು, ಗಾಡಿಯನ್ನು ದೂರುವಂತಿಲ್ಲ. ಜಾಲಿಯ ಕಡ್ಡಿಯಿಂದ ಕೆತ್ತಿ ಕೆತ್ತಿ ತೆಗೆದು, ತಳ್ಳಿಕೊಂಡು ಡಾಂಬರಿಗೆ ಬಂದೆ. ಮಳೆಯಲ್ಲಿ ಎಬಿಎಸ್ ಕೂಡ ಒಮ್ಮೆ ಕೆಲಸ ಮಾಡಿತು. ಹುಮನಾಬಾದ್ ರಸ್ತೆಯಲ್ಲಿ ಎಮ್ಮೆಯೊಂದು ಅಡ್ಡ ಬಂದಾಗ ಬ್ರೇಕ್ ಪೂರ್ತಿ ಹಿಡಿದೆ. ಲಿವರ್ ಬೆರಳುಗಳ ಕೆಳಗೆ ಟಕಟಕ ಮಿಡಿಯಿತು, ಚಕ್ರ ಜಾರದೆ ಗಾಡಿ ನೇರವಾಗಿ ನಿಂತಿತು. ಆ ಕ್ಷಣದಲ್ಲಿ ಹಳೆಯ ಡ್ರಮ್ ಬ್ರೇಕಿನ ಗಾಡಿಯಾಗಿದ್ದರೆ ಎಂದು ಯೋಚಿಸಿದಾಗ ಈಗಲೂ ಎದೆ ನಡುಗುತ್ತದೆ.

ಕಡ್ಡಿಚಕ್ರದ ಚೆಲುವಿಗೆ ತೆರಬೇಕಾದ ಬೆಲೆಯೂ ಒಂದಿದೆ. ಒಳಗೆ ಟ್ಯೂಬ್ ಇರುವುದರಿಂದ ಪಂಕ್ಚರ್ ಆದರೆ ಚಕ್ರ ಬಿಚ್ಚಲೇಬೇಕು. ಜೇವರ್ಗಿ ರಸ್ತೆಯಲ್ಲಿ, ಭೀಮಾ ಸೇತುವೆ ಇನ್ನೂ ಮುಂದಿರುವಾಗ, ಹಿಂದಿನ ಚಕ್ರಕ್ಕೆ ಬಳ್ಳಾರಿ ಜಾಲಿಯ ಮುಳ್ಳು ನೆಟ್ಟಿತು. ಅಂಗಡಿ ಹುಡುಗ ಚೈನ್ ಸಡಿಲಿಸಿ, ಚಕ್ರ ಕಳಚಿ, ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಹುಡುಕಿ, ಮತ್ತೆ ಎಲ್ಲವನ್ನೂ ಕೂಡಿಸುವಷ್ಟರಲ್ಲಿ ಮುಕ್ಕಾಲು ಗಂಟೆ ಹಿಡಿಯಿತು. ಈಗ ಒಂದು ಟ್ಯೂಬ್, ಸರಿಯಾದ ಅಳತೆಯ ಸ್ಪ್ಯಾನರ್, ಕೈಪಂಪು ಜೊತೆಯಲ್ಲಿರುತ್ತವೆ. ಊರ ಹೊರಗೆ ಹೆಚ್ಚು ತಿರುಗುವವರು ಇದನ್ನು ಕೊಳ್ಳುವ ಮೊದಲೇ ಯೋಚಿಸುವುದು ಒಳ್ಳೆಯದು.

ಸರ್ವಿಸ್ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಮೊದಲ ಸಲದ ಎಣ್ಣೆ ಬದಲಾವಣೆಯನ್ನು ಮಾತ್ರ ಮುಂದೂಡಬಾರದು. ಉಂಗುರಗಳು ಉಜ್ಜಿ ಕಳಚಿದ ಲೋಹದ ಪುಡಿಯೆಲ್ಲ ಹೊರಬರುವುದು ಆ ಎಣ್ಣೆಯ ಜೊತೆಗೇ. ಸೇಡಂ ರಸ್ತೆಯ ಸಿಮೆಂಟ್ ಧೂಳಿಗೆ ಚೈನು ಬೇಗ ಬೂದಿ ಬಣ್ಣಕ್ಕೆ ತಿರುಗುವುದರಿಂದ ಎರಡು ವಾರಕ್ಕೊಮ್ಮೆ ಒರೆಸಿ ಎಣ್ಣೆ ಹಚ್ಚುತ್ತೇನೆ.

ಯೆಜ್ದಿಯ ಕಾಲದಲ್ಲಿ ಅಪ್ಪ ಒಂದು ಪಟ್ಟಿಪುಸ್ತಕ ಇಟ್ಟಿದ್ದರು. ಪೆಟ್ರೋಲ್ ಹಾಕಿಸಿದ ತಾರೀಖು, ಲೀಟರು, ಬೆರೆಸಿದ ಎಣ್ಣೆ, ಓಡಿದ ದೂರ, ಎಲ್ಲ ಅದರಲ್ಲಿ ಅವರ ದುಂಡಗಿನ ಅಕ್ಷರದಲ್ಲಿದೆ. ಅದರ ಕೊನೆಯ ಹನ್ನೆರಡು ಹಾಳೆಗಳು ಖಾಲಿ ಉಳಿದಿದ್ದವು. ಜಾವಾದ ಲೆಕ್ಕವನ್ನು ನಾನು ಅಲ್ಲಿಂದಲೇ ಶುರುಮಾಡಿದೆ, ಎಣ್ಣೆಯ ಕಾಲಮ್ಮನ್ನು ಹಾಗೆಯೇ ಖಾಲಿ ಬಿಟ್ಟು. ಕಳೆದ ಸೋಮವಾರ ಶರಣಬಸವೇಶ್ವರ ಗುಡಿಯಿಂದ ಬಂದ ಮೇಲೆ ಅಪ್ಪ ಕನ್ನಡಕ ಏರಿಸಿ ಆ ಹಾಳೆಯ ಮೇಲೆ ಬೆರಳಾಡಿಸಿದರು. "ಲೀಟರಿಗೆ ಮೂವತ್ತೊಂದು ಕೊಡಕತ್ಯಾದ? ನಮ್ಮ ಯೆಜ್ದಿ ಇಪ್ಪತ್ತೈದು ಕೊಟ್ಟರ ನಾನು ಪೇಢಾ ಹಂಚತಿದ್ದೆ" ಎಂದರು. ಆಮೇಲೆ ಪೆನ್ನು ಕೇಳಿ ಪಡೆದು, ನಾನು ಬಿಟ್ಟಿದ್ದ ಒಂದು ತಾರೀಖನ್ನು ಆ ಸಾಲಿನಲ್ಲಿ ತಾವೇ ತುಂಬಿದರು.